ಮರಿಮೀನುಗಳ ಗೃಹಪ್ರವೇಶ

ಮನುವಿನ ಅಂಗೈಗೆ ಬಂದ ಪುಟ್ಟ ಮೀನಿನ ಕಥೆಯನ್ನು ಅರಿಯದ ಕನ್ನಡಿಗರು ವಿರಳ. ಶತಪಥ ಬ್ರಾಹ್ಮಣದಲ್ಲಿಯೂ ಮಹಾಭಾರತದ ವನಪರ್ವದಲ್ಲಿಯೂ ಬರುವ ಈ ಕಥೆಯನ್ನು ಪ್ರಳಯದ ಕಥೆಯೆಂದೇ ಜನರು ನೆನೆಯುವುದು ವಾಡಿಕೆ. ಆದರೆ ಪ್ರಳಯಕ್ಕೆ ಮುಂಚಿನ ಭಾಗವೂ ಅಷ್ಟೇ ಸ್ವಾರಸ್ಯಕರವಾದುದು. ದೊಡ್ಡ ಮೀನುಗಳು ಸಣ್ಣ ಮೀನುಗಳನ್ನು ನುಂಗುತ್ತವೆ, ಆದುದರಿಂದ ತನ್ನನ್ನು ಕಾಪಾಡಬೇಕೆಂದು ಮರಿಮೀನು ಬೇಡಿಕೊಳ್ಳುತ್ತದೆ. ಮನು ಅದನ್ನು ಮೊದಲು ಗಡಿಗೆಯಲ್ಲಿರಿಸುತ್ತಾನೆ. ಗಡಿಗೆ ಸಾಲದಾದಾಗ ಅದಕ್ಕಿಂತ ದೊಡ್ಡ ನೀರಿಗೆ ಒಯ್ಯುತ್ತಾನೆ. ಯಾವ ಮೀನೂ ನುಂಗಲಾರದಷ್ಟು ಅದು ಬೆಳೆದ ಮೇಲೆಯೇ ಸಮುದ್ರಕ್ಕೆ ಬಿಡುತ್ತಾನೆ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ ಮನು ದಿನಗಳನ್ನು ಎಣಿಸಲಿಲ್ಲ, ಮೀನನ್ನು ನೋಡಿದನು.

ಟಿಟ್ವಾಳಾ ಊರು ಮಹಾಗಣಪತಿಯ ಕ್ಷೇತ್ರವೆಂದು ಪ್ರಸಿದ್ಧವಾದುದು. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಸುಮಾರು 64 ಕಿಲೋಮೀಟರು ದೂರದಲ್ಲಿ, ಕಲ್ಯಾಣದಾಚೆ ಶಹಾಡ, ಆಂಬಿವಲಿಗಳ ನಂತರ ಬರುವ ಈ ನಿಲ್ದಾಣದಲ್ಲಿ ಇಳಿದು ಮನೆ ಸೇರುವವರಲ್ಲಿ ಕನ್ನಡಿಗರೂ ಉಂಟು. ಬೆಳಗಿನ ಲೋಕಲಿಗೆ ಹೊರಟು ರಾತ್ರಿ ಹಿಂತಿರುಗುವ ಸಂಸಾರಗಳಲ್ಲಿ ನಾಯಿ ಸಾಕಲು ಸ್ಥಳವಿಲ್ಲ, ಬೆಕ್ಕನ್ನು ಕಟ್ಟಡದ ಸೊಸೈಟಿ ಒಪ್ಪುವುದಿಲ್ಲ. ಮಕ್ಕಳ ಹಟಕ್ಕೆ ಕೊನೆಗೆ ಒದಗುವುದು ಎರಡು ಅಡಿ ಉದ್ದದ ಗಾಜಿನ ತೊಟ್ಟಿ. ಮರೀನ್ ಡ್ರೈವಿನಲ್ಲಿ ತಾರಾಪೋರವಾಲಾ ಮತ್ಸ್ಯಾಲಯವು 1951ರಲ್ಲಿ ತೆರೆದಂದಿನಿಂದ ಮುಂಬಯಿಯ ಎಷ್ಟೋ ಮಕ್ಕಳು ಗಾಜಿನ ಹಿಂದೆ ಈಜುವ ಮೀನನ್ನು ಅಲ್ಲಿಯೇ ಮೊದಲು ಕಂಡರು. ಅದನ್ನು ಮನೆಗೆ ತರುವ ಆಸೆಯನ್ನು ಕುರ್ಲಾದ ಭಾನುವಾರದ ಮೀನುಪೇಟೆಯೂ ಕ್ರಾಫರ್ಡ್ ಮಾರ್ಕೆಟ್ಟಿನ ಅಂಗಡಿಗಳೂ ಪೂರೈಸುತ್ತ ಬಂದವು.

ಹೀಗೆ ಬಂದ ತೊಟ್ಟಿಯಲ್ಲಿ ಗಪ್ಪಿಯೋ ಮೋಲಿಯೋ ಇದ್ದರೆ ಒಂದು ಬೆಳಿಗ್ಗೆ ಗಿಡಗಳ ನಡುವೆ ಕಣ್ಣುಗಳೇ ಪ್ರಧಾನವಾದ ಪುಟ್ಟ ಮರಿಗಳು ಕಾಣಿಸಿಕೊಳ್ಳುತ್ತವೆ. ಮನೆಯಲ್ಲಿ ಸಂಭ್ರಮ. ಮರಿಗಳನ್ನು ಹಿಡಿದು ಬೇರೆ ಡಬ್ಬಿಗೆ ಹಾಕುತ್ತಾರೆ. ಮೂರು ನಾಲ್ಕು ವಾರಗಳಾಗುತ್ತಲೇ ಭಾನುವಾರ ಬಿಡುವು ನೋಡಿ ದೊಡ್ಡ ತೊಟ್ಟಿಯನ್ನು ಚೆನ್ನಾಗಿ ಉಜ್ಜಿ ತೊಳೆದು, ಹೊಸ ನೀರು ತುಂಬಿಸಿ, ಮರಿಗಳನ್ನು ಅದಕ್ಕೆ ಸುರಿಯುತ್ತಾರೆ. ಮಂಗಳವಾರ ಬೆಳಿಗ್ಗೆ ಶಾಲೆಗೆ ಹೊರಟ ಮಗು ತೊಟ್ಟಿಯ ಮುಂದೆ ನಿಂತು ಎಣಿಸುತ್ತದೆ, ಎಣಿಸಲು ಏನೂ ಉಳಿದಿರುವುದಿಲ್ಲ. ‘ದೊಡ್ಡವು ತಿಂದುಬಿಟ್ಟವು’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಈ ಮಾತು ಅರ್ಧ ಸತ್ಯ. ಉಳಿದರ್ಧಕ್ಕೆ ದೊಡ್ಡ ಮೀನುಗಳು ಹೊಣೆಯಲ್ಲ.

ಮರಿಗಳು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹೋಗುವಾಗ ವಾಸ್ತವವಾಗಿ ಮೂರು ಬದಲಾವಣೆಗಳು ನಡೆಯುತ್ತವೆ. ನೀರು ಬದಲಾಗುತ್ತದೆ, ನೆರೆಹೊರೆ ಬದಲಾಗುತ್ತದೆ, ಊಟದ ಕ್ರಮ ಬದಲಾಗುತ್ತದೆ. ಇವುಗಳಲ್ಲಿ ಯಾವುದಾದರೊಂದನ್ನು ಆರೋಗ್ಯವಂತ ಮರಿಯು ತಾಳಿಕೊಂಡೀತು. ಮೂರನ್ನೂ ಒಂದೇ ಗಳಿಗೆಯಲ್ಲಿ ಹೇರಿದರೆ ತಾಳಲಾರದು. ಮೂರನ್ನು ಮೂರು ಬೇರೆ ಬೇರೆ ಕಾಲಗಳಿಗೆ ಹಂಚುವುದರಲ್ಲಿಯೇ ಮರಿ ಉಳಿಸುವ ಉಪಾಯವಿದೆ.

ಯಾವಾಗ ಸಾಗಿಸಬೇಕು?

ಗಪ್ಪಿಯ ಮರಿ ಹುಟ್ಟುವಾಗ ಆರೇಳು ಮಿಲಿಮೀಟರು ಉದ್ದವಿರುತ್ತದೆ. ತಾಯಿಯ ಹೊಟ್ಟೆಯಿಂದ ನೇರವಾಗಿ ಈಜುತ್ತಲೇ ಹೊರಬರುವ ಈ ಜಾತಿಯಲ್ಲಿ, ತಾಯಿಯೇ ತನ್ನ ಮರಿಗಳನ್ನು ಆಹಾರವೆಂದು ಭಾವಿಸುತ್ತದೆ. ಅದರಲ್ಲಿ ಕ್ರೌರ್ಯವನ್ನು ಕಾಣುವುದು ಸರಿಯಲ್ಲ. ಮೀನಿನ ಕಣ್ಣಿಗೆ ಚಲಿಸುವ ವಸ್ತುವು ಬಾಯಿಗೆ ಹಿಡಿಸುವಂತಿದ್ದರೆ ಅದು ತಿನಿಸು, ಹಿಡಿಸದಿದ್ದರೆ ನೆರೆಯವನು. ಆದುದರಿಂದ ದೊಡ್ಡ ತೊಟ್ಟಿಯಲ್ಲಿರುವ ಅತಿ ದೊಡ್ಡ ಮೀನಿನ ಬಾಯಿಯೇ ಮರಿಗೆ ಅಳತೆಗೋಲು. ಅಲ್ಲಿ ಗಪ್ಪಿ, ಪ್ಲಾಟಿ, ಮೋಲಿಗಳು ಮಾತ್ರ ಇದ್ದರೆ ಮರಿಗಳು ಒಂದೂವರೆಯಿಂದ ಎರಡು ಸೆಂಟಿಮೀಟರು ಬೆಳೆದ ಮೇಲೆ ಸಾಗಿಸಬಹುದು. ಸಾಧಾರಣ ಪೋಷಣೆಯಲ್ಲಿ ಇದಕ್ಕೆ ಆರರಿಂದ ಎಂಟು ವಾರ ಬೇಕು. ಗೌರಾಮಿಯಂತಹ ಮೀನಿದ್ದರೆ ಇನ್ನಷ್ಟು ಕಾಯಬೇಕು. ಪೂರ್ಣ ಬೆಳೆದ ಏಂಜಲ್ ಮೀನಿನ ತೊಟ್ಟಿಗೆ ಎಳೆಯ ಗಪ್ಪಿಗಳನ್ನು ಬಿಡುವುದು ಅದಕ್ಕೆ ಊಟ ಬಡಿಸಿದಂತೆಯೇ ಸರಿ. ಟೈಗರ್ ಬಾರ್ಬ್ ನುಂಗದಿದ್ದರೂ ನೀಳವಾದ ಬಾಲಗಳನ್ನು ಕಿತ್ತು ಕಿತ್ತು ಹಿಂಸಿಸುತ್ತದೆ. ಗೋಲ್ಡ್ ಫಿಶ್ ಸಾಧುವೆಂಬ ಹೆಸರಿದ್ದರೂ ಅದರ ಬಾಯಿ ದೊಡ್ಡದು, ಹೊಲಸೂ ಹೆಚ್ಚು, ಅದು ಬಯಸುವ ನೀರು ಇನ್ನೂ ತಂಪಾದುದು. ಅದಕ್ಕೆ ಬೇರೆ ತೊಟ್ಟಿಯೇ ಲೇಸು.

ಒಂದೇ ದಿನ ಹುಟ್ಟಿದ ಮರಿಗಳೆಲ್ಲವೂ ಒಂದೇ ಸಮನಾಗಿ ಬೆಳೆಯುವುದಿಲ್ಲವೆಂಬುದನ್ನೂ ಮರೆಯಬಾರದು. ಎಂಟು ವಾರಗಳ ಕೊನೆಯಲ್ಲಿ ಒಂದು ಮರಿ ಎರಡು ಸೆಂಟಿಮೀಟರಿದ್ದರೆ ಅದರ ಒಡಹುಟ್ಟು ಅದರ ಅರ್ಧದಷ್ಟೇ ಇರಬಹುದು. ಹಿಂದುಳಿದವುಗಳನ್ನು ಇನ್ನೆರಡು ವಾರ ಅಲ್ಲಿಯೇ ಬಿಡಬೇಕು. ದೊಡ್ಡವು ಹೋದ ಮೇಲೆ ತಿನಿಸಿಗೆ ಸ್ಪರ್ಧೆಯಿಲ್ಲದೆ ಅವು ಬೇಗನೆ ಸರಿದೂಗುವುದನ್ನು ಅನೇಕರು ಕಂಡಿದ್ದಾರೆ.

ಬೆಳವಣಿಗೆಯ ಪ್ರಶ್ನೆ ಬಂದಾಗ ಊಟದ ಮಾತು ಬಂದೇ ಬರುತ್ತದೆ. ಮರಿಗಳಿಗೆ ದಿನಕ್ಕೆ ಮೂರು ನಾಲ್ಕು ಸಲ, ಎರಡು ನಿಮಿಷಗಳಲ್ಲಿ ಮುಗಿಯುವಷ್ಟೇ ಹಿಟ್ಟಿನಂತಹ ತಿನಿಸು ಬೇಕು. ದುಡಿಯುವ ದಂಪತಿಗಳ ಮನೆಯಲ್ಲಿ ಇದು ಅಜ್ಜಿಯ ಅಥವಾ ತಾತನ ಪಾಲಿಗೆ ಬರುವುದು ಸಹಜ. ಊರಿನಿಂದ ಬಂದು ನಾಲ್ಕು ಗೋಡೆಗಳ ನಡುವೆ ಹೊತ್ತು ಹೋಗದೆ ಬೇಸರಿಸುವ ಹಿರಿಯರಿಗೆ ಇದೊಂದು ಒಳ್ಳೆಯ ಉದ್ಯೋಗವೂ ಹೌದು. ಆದರೆ ಊಟ ಬಡಿಸುವ ನಮ್ಮವರ ಕೈ ಧಾರಾಳವಾದುದು, ಅಲ್ಲಿಯೇ ಅಪಾಯ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ ಕೊಡುವ ಹಳೆಯ ಪದ್ಧತಿ ಕೆಟ್ಟದ್ದಲ್ಲ. ಆದರೆ ಒಂದು ಚಿಟಿಕೆ ಹೆಚ್ಚಾದರೂ ನೀರು ಕೆಡುತ್ತದೆ. ಬ್ರೈನ್ ಶ್ರಿಂಪ್ ಎಂಬ ಉಪ್ಪುನೀರಿನ ಸೂಕ್ಷ್ಮ ಸಿಗಡಿಯ ಮೊಟ್ಟೆಗಳು ಅಂಗಡಿಯಲ್ಲಿ ಸಿಗುತ್ತವೆ. ಉಪ್ಪುನೀರಿನಲ್ಲಿ ಗಾಳಿಯಾಡಿಸಿದರೆ ಒಂದು ಒಂದೂವರೆ ದಿನದಲ್ಲಿ ಮರಿಯಾಗುವ ಇವು ಮರಿಮೀನುಗಳಿಗೆ ಅಮೃತಪ್ರಾಯವಾದ ಆಹಾರ. ಸಾಗಿಸುವ ವಾರದ ಹಿಂದಿನಿಂದಲೇ ದೊಡ್ಡ ತೊಟ್ಟಿಯಲ್ಲಿ ಹಾಕುವ ತಿನಿಸನ್ನೇ ಪುಡಿಮಾಡಿ ಮರಿಗಳಿಗೂ ರೂಢಿಸಿದರೆ ಮೂರು ಬದಲಾವಣೆಗಳಲ್ಲಿ ಒಂದು ಆಗಲೇ ಮುಗಿದಂತಾಗುತ್ತದೆ.

ಕಾಣದ ವಿಷ

ಇನ್ನು ನೀರಿನ ವಿಚಾರ. ಇದು ಎಲ್ಲಕ್ಕಿಂತ ಮುಖ್ಯವಾದುದು, ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೊಳಗಾಗಿರುವುದೂ ಇದೇ.

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ಉಳಿದ ತಿನಿಸು, ಕೊಳೆತ ಎಲೆಗಳಿಂದಲೂ ಅದೇ ಹುಟ್ಟುತ್ತದೆ. ಅಮೋನಿಯಾ ಮೀನಿಗೆ ವಿಷ. ಹಾಗಾದರೆ ತೊಟ್ಟಿಯಲ್ಲಿ ಮೀನು ಬದುಕುವುದು ಹೇಗೆ? ತೊಟ್ಟಿಯ ಹರಳುಗಳ ಮೇಲೆ, ಫಿಲ್ಟರಿನ ಸ್ಪಂಜಿನಲ್ಲಿ, ಗಾಜಿನ ಮೇಲಿನ ತೆಳುಪೊರೆಯಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ನೈಟ್ರೇಟ್ ಮಾತ್ರ ಬಹುಮಟ್ಟಿಗೆ ನಿರಪಾಯಕಾರಿ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಅದೂ ಹದ್ದಿನಲ್ಲಿರುತ್ತದೆ. ಹೊಸ ತೊಟ್ಟಿಯಲ್ಲಿ ಈ ಉಪಕಾರಿ ಜೀವಿಗಳ ಸಂಸಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕಾಗುತ್ತವೆ.

ಈಗ ಭಾನುವಾರದ ತೊಳೆತವನ್ನು ನೆನಪಿಸಿಕೊಳ್ಳಬೇಕು. ಅಡುಗೆಮನೆಯ ಪಾತ್ರೆಗೆ ಯಾವುದು ಶುಚಿಯೋ ಅದು ಮೀನಿನ ತೊಟ್ಟಿಗೆ ಶುಚಿಯಲ್ಲ. ಹರಳುಗಳನ್ನೆಲ್ಲ ತೆಗೆದು, ಸಾಬೂನಿನಿಂದ ಉಜ್ಜಿ, ನಲ್ಲಿಯ ನೀರಿನಲ್ಲಿ ಜಾಲಿಸುವ ಗೃಹಿಣಿಯು ನಾಲ್ಕಾರು ವಾರಗಳಲ್ಲಿ ಕಟ್ಟಿದ ಬ್ಯಾಕ್ಟೀರಿಯಾಗಳ ಊರನ್ನೇ ಅರ್ಧ ಗಂಟೆಯಲ್ಲಿ ಕೆಡವಿರುತ್ತಾಳೆ. ಸಾಬೂನಿನ ಶೇಷ ಬೇರೆ. ಅದೇ ದಿನ ಇಪ್ಪತ್ತು ಮರಿಗಳೂ ಸೇರಿದರೆ ಅಮೋನಿಯಾ ಹೆಚ್ಚುತ್ತದೆ, ಅದನ್ನು ಕರಗಿಸುವವರು ಇರುವುದಿಲ್ಲ. ನೀರು ಸ್ಫಟಿಕದಂತೆ ತಿಳಿಯಾಗಿಯೇ ಕಾಣುತ್ತಿರುತ್ತದೆ, ಮರಿಗಳು ಸಾಯುತ್ತಿರುತ್ತವೆ. ಸತ್ತ ಅಥವಾ ಸೋತ ಮರಿಯನ್ನು ದೊಡ್ಡ ಮೀನು ತಿಂದು ಮುಗಿಸುವುದರಿಂದ ಅಪರಾಧದ ಸಾಕ್ಷ್ಯವೂ ಉಳಿಯುವುದಿಲ್ಲ. ದೊಡ್ಡ ಮೀನಿಗೆ ಕೆಟ್ಟ ಹೆಸರು ಬರುವುದು ಹೀಗೆ.

ಆದುದರಿಂದ ಮರಿಗಳನ್ನು ಸಾಗಿಸುವುದಕ್ಕೆ ಮುಂಚಿನ ಮತ್ತು ಅನಂತರದ ವಾರಗಳಲ್ಲಿ ದೊಡ್ಡ ತೊಟ್ಟಿಯನ್ನು ಪೂರ್ತಿಯಾಗಿ ತೊಳೆಯಲೇಬಾರದು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರು ಬದಲಿಸಿದರೆ ಸಾಕು. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿ ಮತ್ತೆ ಹಾಕಬೇಕು. ಸಾಬೂನು ಎಂದಿಗೂ ಕೂಡದು.

ಕಲ್ಯಾಣ–ಡೊಂಬಿವಲಿ ನಗರದ ನಲ್ಲಿಗಳಿಗೆ ಮುಖ್ಯವಾಗಿ ಉಲ್ಲಾಸ ನದಿಯ ನೀರು ಶುದ್ಧೀಕರಣವಾಗಿ ಬರುತ್ತದೆ. ಮನುಷ್ಯರಿಗೆ ಹಿತವಾದ ಅದರ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ನೀರನ್ನು ಒಂದು ದಿನ ಹಾಗೆಯೇ ಇಟ್ಟರೆ ಕ್ಲೋರಿನ್ ಹೊರಟುಹೋಗುತ್ತದೆ. ಅವಸರವಿದ್ದರೆ ಹಿಂದಿನ ಕಾಲದ ಛಾಯಾಗ್ರಾಹಕರು ‘ಹೈಪೋ’ ಎಂದು ಬಳಸುತ್ತಿದ್ದ ಸೋಡಿಯಂ ಥಯೋಸಲ್ಫೇಟಿನ ಹೆಸರುಕಾಳಿನ ಗಾತ್ರದ ಒಂದೆರಡು ಹರಳುಗಳನ್ನು ಒಂದು ಬಕೆಟ್ ನೀರಿಗೆ ಹಾಕಿ ಕಲಕಬೇಕು. ಮಳೆಗಾಲದ ಮೊದಲ ವಾರಗಳಲ್ಲಿ ನದಿ ಕೆಂಪಾಗಿ ಹರಿಯುವಾಗ ಶುದ್ಧೀಕರಣಕ್ಕೆ ಸ್ಫಟಿಕವೂ ಕ್ಲೋರಿನ್ನೂ ಹೆಚ್ಚು ಬೀಳುವುದು ಸಹಜ. ಬೇಸಿಗೆಯಲ್ಲಿ ಟ್ಯಾಂಕರಿನದೋ ಬೋರ್‌ವೆಲ್ಲಿನದೋ ಗಡುಸು ನೀರು ಬಂದೀತು. ಈ ಎರಡು ಸಂಧಿಕಾಲಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ಮರಿಗಳನ್ನು ಸಾಗಿಸುವುದು ಜಾಣತನ.

ಮರಿತೊಟ್ಟಿಯ ನೀರಿಗೂ ದೊಡ್ಡ ತೊಟ್ಟಿಯ ನೀರಿಗೂ ಇರುವ ಅಂತರವನ್ನು ಅಳಿಸುವ ಅತ್ಯಂತ ಸುಲಭವಾದ ಮಾರ್ಗವೊಂದುಂಟು. ಸಾಗಿಸುವ ಮುಂಚಿನ ಹತ್ತು ದಿನಗಳಲ್ಲಿ ಮರಿತೊಟ್ಟಿಯಿಂದ ದಿನವೂ ಸ್ವಲ್ಪ ನೀರು ತೆಗೆದು, ಅಷ್ಟೇ ನೀರನ್ನು ದೊಡ್ಡ ತೊಟ್ಟಿಯಿಂದ ತಂದು ಹಾಕುತ್ತ ಬರಬೇಕು. ಮೀನು ನೀರಿನ ಬಳಿಗೆ ಹೋಗುವ ಮೊದಲು ನೀರೇ ಮೀನಿನ ಬಳಿಗೆ ಬಂದಂತಾಗುತ್ತದೆ. ದೊಡ್ಡ ತೊಟ್ಟಿಯಲ್ಲಿ ರೋಗವಿದ್ದರೆ ಮಾತ್ರ ಹೀಗೆ ಮಾಡಕೂಡದು. ರೋಗವಿರುವ ತೊಟ್ಟಿಗೆ ಮರಿಗಳನ್ನು ಬಿಡುವ ಪ್ರಶ್ನೆಯೂ ಏಳುವುದಿಲ್ಲವಷ್ಟೆ.

ಶಾಖವನ್ನೂ ನೋಡಬೇಕು. ಈ ಮೀನುಗಳಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತಕರ. ಸಮುದ್ರದಿಂದ ದೂರವಾದ ಟಿಟ್ವಾಳಾದ ಚಳಿಗಾಲದ ರಾತ್ರಿಗಳು ಮುಂಬಯಿಯ ರಾತ್ರಿಗಳಿಗಿಂತ ತಂಪು. ಐದು ಲೀಟರಿನ ಡಬ್ಬಿ ಬೇಗನೆ ತಣ್ಣಗಾಗುತ್ತದೆ, ಐವತ್ತು ಲೀಟರಿನ ತೊಟ್ಟಿ ನಿಧಾನವಾಗಿ. ಬೆಳಗಿನ ಜಾವ ಎರಡರ ನಡುವೆ ಮೂರು ನಾಲ್ಕು ಡಿಗ್ರಿಗಳ ಅಂತರವಿದ್ದರೂ ಆಶ್ಚರ್ಯವಿಲ್ಲ. ಬೇಸಿಗೆಯ ಕಷ್ಟ ಬೇರೆ ಬಗೆಯದು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯಬಲ್ಲುದು. ಅಂತಹ ರಾತ್ರಿಯಲ್ಲಿ ವಿದ್ಯುತ್ತು ಹೋಗಿ ಗಾಳಿಪಂಪು ನಿಂತರೆ ಕಿಕ್ಕಿರಿದ ತೊಟ್ಟಿ ಬೆಳಗಾಗುವುದರೊಳಗೆ ಬರಿದಾದೀತು. ಬ್ಯಾಟರಿಯ ಸಣ್ಣ ಪಂಪೊಂದು ಮನೆಯಲ್ಲಿರಲಿ. ಅದಿಲ್ಲದಿದ್ದರೆ ಲೋಟದಲ್ಲಿ ನೀರು ಮೊಗೆದು ಒಂದಡಿ ಎತ್ತರದಿಂದ ಅದೇ ತೊಟ್ಟಿಗೆ ಆಗಾಗ್ಗೆ ಸುರಿಯುವುದೂ ಒಂದು ಉಪಾಯವೇ.

ನೆರೆಹೊರೆಯ ಪರಿಚಯ

ಹೊಸ ಊರಿಗೆ ಬಂದವರಿಗೆ ಮೊದಲ ದಿನಗಳಲ್ಲಿ ಬೇಕಾದುದು ಬಾಗಿಲು ಮುಚ್ಚಿಕೊಳ್ಳಲು ಒಂದು ಕೋಣೆ. ಮರಿಗಳಿಗೂ ಹಾಗೆಯೇ. ದೊಡ್ಡ ತೊಟ್ಟಿಯೊಳಗೆ ತೂಗುಹಾಕುವ ಬಲೆಯ ಪೆಟ್ಟಿಗೆಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಮರಿಗಳನ್ನು ಮೂರು ನಾಲ್ಕು ದಿನ ಇದರಲ್ಲಿರಿಸಿದರೆ ನೀರು ಒಂದೇ ಆಗಿರುತ್ತದೆ, ಬಾಯಿ ಮಾತ್ರ ತಲುಪುವುದಿಲ್ಲ. ಮೊದಲ ದಿನ ದೊಡ್ಡ ಮೀನುಗಳು ಬಲೆಯ ಸುತ್ತ ಸುಳಿದಾಡುತ್ತವೆ. ಮೂರನೆಯ ದಿನಕ್ಕೆ ಅವುಗಳ ಕುತೂಹಲ ತಣಿಯುತ್ತದೆ. ಮರಿಗಳೂ ಆ ಆಕಾರಗಳನ್ನು ಕಂಡು ಬೆದರುವುದನ್ನು ಬಿಡುತ್ತವೆ. ವಾರಗಟ್ಟಲೆ ಮಾತ್ರ ಅದರಲ್ಲಿ ಇಡುವುದು ತರವಲ್ಲ. ಬಲೆಯ ಕಣ್ಣುಗಳು ಪಾಚಿಯಿಂದ ಕಟ್ಟಿಕೊಂಡು ಒಳಗಿನ ನೀರು ಕೆಡುತ್ತದೆ.

ಗಿಡಗಳಿಲ್ಲದ ತೊಟ್ಟಿಗೆ ಮರಿಗಳನ್ನು ಬಿಡುವುದು ಬಯಲಿನಲ್ಲಿ ಕೋಳಿಮರಿಗಳನ್ನು ಬಿಟ್ಟು ಹದ್ದನ್ನು ಬೈದಂತೆ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಜಾವಾ ಪಾಚಿ, ಇವುಗಳಲ್ಲಿ ಯಾವುದಾದರೂ ಒಂದು ಮೂಲೆಯಲ್ಲಿ ದಟ್ಟವಾಗಿರಬೇಕು. ಕೆರೆಗಳಲ್ಲಿ ಹೈಡ್ರಿಲ್ಲಾ ಪುಕ್ಕಟೆಯಾಗಿ ಸಿಗುತ್ತದೆಂದು ಕಿತ್ತು ತರುವವರುಂಟು. ಅದರೊಂದಿಗೆ ಏರೋಪ್ಲೇನ್ ಚಿಟ್ಟೆಯ ಮರಿಹುಳುವೂ ಬಂದರೆ ಅದೊಂದೇ ಒಂದು ವಾರದಲ್ಲಿ ಮರಿಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಬಲ್ಲುದು. ಅಂತಹ ಗಿಡವನ್ನು ನಸುಗೆಂಪು ಬಣ್ಣ ಬರುವಷ್ಟು ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಚೆನ್ನಾಗಿ ಜಾಲಿಸಿ, ಎಲೆ ಎಲೆಯನ್ನೂ ನೋಡಿ ಹಾಕತಕ್ಕದ್ದು. ಫಿಲ್ಟರಿನ ನೀರು ಹೀರುವ ಬಾಯಿಗೆ ಸ್ಪಂಜಿನ ತುಂಡನ್ನು ಕಟ್ಟುವುದು ಇನ್ನೊಂದು ಅವಶ್ಯ ಕೆಲಸ. ದೊಡ್ಡ ಮೀನಿನಿಂದ ಪಾರಾದ ಮರಿಗಳು ಈ ಯಂತ್ರದ ಬಾಯಿಗೆ ಬೀಳುವುದುಂಟು.

ಬಿಡುವ ದಿನ ಸಂಜೆಯ ಹೊತ್ತು ಪ್ರಶಸ್ತ. ತೊಟ್ಟಿಯ ಕಲ್ಲು, ಗಿಡ, ಆಟಿಕೆಗಳನ್ನು ಸ್ವಲ್ಪ ಸ್ಥಳ ಬದಲಿಸಬೇಕು. ತನ್ನದೆಂದು ಒಂದು ಮೂಲೆಯನ್ನು ಹಿಡಿದುಕೊಂಡ ಹಳೆಯ ಮೀನಿಗೆ ಆಗ ಹೊಸಬರನ್ನು ಅಟ್ಟುವ ಹುಮ್ಮಸ್ಸು ಇರುವುದಿಲ್ಲ, ಅದಕ್ಕೂ ಊರು ಹೊಸದಾಗಿರುತ್ತದೆ. ದೊಡ್ಡವುಗಳಿಗೆ ಹೊಟ್ಟೆತುಂಬ ತಿನ್ನಿಸಿ, ದೀಪವಾರಿಸಿ, ಅರ್ಧ ಗಂಟೆ ಬಿಡಬೇಕು. ಬಲೆಯ ಪೆಟ್ಟಿಗೆಯಲ್ಲಿದ್ದ ಮರಿಗಳಾದರೆ ಪೆಟ್ಟಿಗೆಯನ್ನು ಗಿಡಗಳ ಪಕ್ಕದಲ್ಲಿ ಮೆಲ್ಲಗೆ ಓರೆಮಾಡಿದರೆ ಸಾಕು. ಬೇರೆ ತೊಟ್ಟಿಯಿಂದ ನೇರವಾಗಿ ಬರುವ ಮರಿಗಳನ್ನು ಅವು ಇದ್ದ ನೀರಿನ ಸಮೇತ ಒಂದು ಡಬ್ಬಿಯಲ್ಲಿ ಹಿಡಿದು, ಆ ಡಬ್ಬಿಯನ್ನು ದೊಡ್ಡ ತೊಟ್ಟಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಬಿಡಬೇಕು. ಶಾಖ ಸಮವಾದ ಮೇಲೆ ಐದೈದು ನಿಮಿಷಕ್ಕೊಮ್ಮೆ ಅರ್ಧ ಲೋಟ ದೊಡ್ಡ ತೊಟ್ಟಿಯ ನೀರನ್ನು ಸೇರಿಸುತ್ತ ಮುಕ್ಕಾಲು ಗಂಟೆಯನ್ನು ಕಳೆಯಬೇಕು. ಬಲೆಗಿಂತ ಲೋಟದಿಂದ ಮೊಗೆಯುವುದು ಹಿತ. ಮರಿಯ ಮೈಮೇಲಿನ ತೆಳುವಾದ ಲೋಳೆಯೇ ಅದರ ಕವಚ, ಒರಟು ಬಲೆಗೆ ಅದು ಕಿತ್ತುಹೋಗುತ್ತದೆ. ಸಾಗಿಸಬೇಕಾದ ಮರಿಗಳನ್ನೆಲ್ಲ ಒಟ್ಟಿಗೆ ಬಿಡಬೇಕು. ಒಂದೊಂದಾಗಿ ಬಿಟ್ಟರೆ ಒಂಟಿಯಾದ ಮರಿಯ ಮೇಲೆ ಎಲ್ಲ ಕಣ್ಣುಗಳೂ ಬೀಳುತ್ತವೆ.

ಮುಂದಿನ ಎರಡು ದಿನಗಳಲ್ಲಿ ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ಕುಳಿತು ನೋಡುವುದು ಯಾವ ಔಷಧಿಗಿಂತಲೂ ಹೆಚ್ಚು ಫಲಕಾರಿ. ಮರಿಗಳು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ಪ್ರಾಣವಾಯು ಸಾಲದು ಅಥವಾ ಅಮೋನಿಯಾ ಏರಿದೆಯೆಂದರ್ಥ. ಕೂಡಲೇ ನಾಲ್ಕನೆಯ ಒಂದು ಭಾಗ ನೀರನ್ನು ಬದಲಿಸಬೇಕು. ಈಜುರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮಂಕಾಗಿದ್ದರೆ ನೀರು ಒಗ್ಗಿಲ್ಲ. ಬಾಲ ಹರಿದಿದ್ದರೆ ನೆರೆಯವರು ಒಗ್ಗಿಲ್ಲ. ತಿನಿಸನ್ನು ಎರಡು ಮೂಲೆಗಳಲ್ಲಿ ಹಾಕಿದರೆ ಬಲಿಷ್ಠರು ಒಂದು ಕಡೆ ಮುತ್ತಿಕೊಂಡಿರುವಾಗ ಮರಿಗಳು ಇನ್ನೊಂದು ಕಡೆ ಉಣ್ಣುತ್ತವೆ. ಮರಿತೊಟ್ಟಿಯನ್ನು ಅಂದೇ ಒಣಗಿಸಿ ಅಟ್ಟಕ್ಕೆ ಏರಿಸದೆ, ಎಂಟು ದಿನಗಳಾದರೂ ನೀರು, ಗಾಳಿಯೊಂದಿಗೆ ಸಿದ್ಧವಾಗಿಟ್ಟಿರುವುದು ಒಳ್ಳೆಯದು. ಪೆಟ್ಟು ತಿಂದ ಮರಿಗೆ ತವರುಮನೆ ಬೇಕಾಗುತ್ತದೆ.

ಅಂಗಡಿಯಿಂದ ಬಂದ ಎಳೆಯ ಮೀನುಗಳು

ಮನೆಯಲ್ಲಿ ಹುಟ್ಟಿದ ಮರಿಗಳ ಮಾತು ಇಷ್ಟಾಯಿತು. ಕುರ್ಲಾದಿಂದ ಪ್ಲಾಸ್ಟಿಕ್ ಚೀಲದಲ್ಲಿ ಲೋಕಲಿನ ನೂಕುನುಗ್ಗಲಿನ ನಡುವೆ ಬರುವ ಎಳೆಯ ಮೀನುಗಳನ್ನು ಅದೇ ಸಂಜೆ ದೊಡ್ಡ ತೊಟ್ಟಿಗೆ ಬಿಡುವುದು ಅಪಾಯಕರ. ಬೇರೆ ತೊಟ್ಟಿಯಲ್ಲಿ ಮೂರು ವಾರ ಪ್ರತ್ಯೇಕವಾಗಿರಿಸಬೇಕು. ಚೀಲದ ನೀರನ್ನು ಯಾವ ತೊಟ್ಟಿಗೂ ಸುರಿಯಬಾರದು. ಊರಿನಿಂದ ಹತ್ತು ಹನ್ನೆರಡು ಗಂಟೆ ಬಸ್ಸಿನಲ್ಲಿ ಬಂದ ಮೀನುಗಳ ವಿಚಾರದಲ್ಲಿ ನಿಧಾನವೇ ಹಾನಿಕರ ಎಂಬುದು ಸ್ವಲ್ಪ ವಿಚಿತ್ರವೆನಿಸಿದರೂ ನಿಜ. ಮುಚ್ಚಿದ ಚೀಲದಲ್ಲಿ ಇಂಗಾಲಾಮ್ಲವಾಯು ಸೇರಿ ನೀರು ಆಮ್ಲೀಯವಾಗಿರುತ್ತದೆ, ಆ ಸ್ಥಿತಿಯಲ್ಲಿ ಅಮೋನಿಯಾದ ವಿಷ ಅಡಗಿರುತ್ತದೆ. ಚೀಲ ಬಿಚ್ಚಿದೊಡನೆ ವಾಯು ಹೊರಟುಹೋಗಿ ವಿಷ ತಲೆಯೆತ್ತುತ್ತದೆ. ಅಂತಹವುಗಳಿಗೆ ಚೀಲವನ್ನು ಬಿಚ್ಚದೆಯೇ ತೇಲಬಿಟ್ಟು ಶಾಖವನ್ನು ಸಮಮಾಡಿ, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ಪ್ರತ್ಯೇಕ ತೊಟ್ಟಿಯ ಶುದ್ಧ ನೀರಿಗೆ ವರ್ಗಾಯಿಸಬೇಕು.

ಮೂರು ವಾರಗಳ ಅವಧಿ ಸುಮ್ಮನೆ ಹೇಳಿದುದಲ್ಲ. ಮೈಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಕಾಣುವ ಬಿಳಿಚುಕ್ಕೆ ರೋಗವನ್ನು ತರುವ ಪರೋಪಜೀವಿಯು ಮೀನಿನ ಚರ್ಮದ ಕೆಳಗೆ ಬೆಳೆದು, ಉದುರಿ ತಳಕ್ಕೆ ಸೇರಿ, ಅಲ್ಲಿ ನೂರಾರು ಮರಿಗಳಾಗಿ ಒಡೆದು ಮತ್ತೆ ಮೀನನ್ನು ಅರಸುತ್ತದೆ. ಬೆಚ್ಚಗಿನ ನೀರಿನಲ್ಲಿ ಈ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ. ಔಷಧಿ ತಾಗುವುದು ಅದು ನೀರಿನಲ್ಲಿ ಈಜುವ ಅಲ್ಪ ಕಾಲದಲ್ಲಿ ಮಾತ್ರ. ಚುಕ್ಕೆಗಳು ಮಾಯವಾದವೆಂದು ಎರಡನೆಯ ದಿನವೇ ಔಷಧಿ ನಿಲ್ಲಿಸುವವರು ಮುಂದಿನ ವಾರ ಇಡೀ ತೊಟ್ಟಿಯನ್ನು ಕಳೆದುಕೊಳ್ಳುತ್ತಾರೆ.

ಸಾಕುವವರ ಆರೋಗ್ಯ

ತೊಟ್ಟಿಯ ನೀರನ್ನು ರಬ್ಬರ್ ನಳಿಗೆಯಿಂದ ಹೊರತೆಗೆಯಲು ಬಾಯಿಂದ ಹೀರುವ ಅಭ್ಯಾಸ ಬಹಳ ಮಂದಿಗಿದೆ. ಇದು ಸರ್ವಥಾ ಬೇಡ. ನಳಿಗೆಯನ್ನು ನೀರಿನಲ್ಲಿ ಮುಳುಗಿಸಿ ತುಂಬಿಸಿ, ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ ಕೆಳಗಿಳಿಸಿದರೆ ನೀರು ತಾನಾಗಿಯೇ ಹರಿಯುತ್ತದೆ. ಕೈಯಲ್ಲಿ ಗಾಯವಿದ್ದವರು ತೊಟ್ಟಿಯಲ್ಲಿ ಕೈಯಾಡಿಸಬಾರದು. ಕ್ಷಯದ ಸೂಕ್ಷ್ಮಾಣುವಿನ ದೂರದ ನಂಟನಾದ ಮೈಕೊಬ್ಯಾಕ್ಟೀರಿಯಂ ಮರೀನಂ ಎಂಬುದು ಇಂತಹ ನೀರಿನಲ್ಲಿರಬಹುದು. ಗಾಯದ ಮೂಲಕ ಹೊಕ್ಕರೆ ಕೆಲವು ವಾರಗಳ ಮೇಲೆ ಬೆರಳಿನ ಅಥವಾ ಮುಂಗೈಯ ಮೇಲೆ ಮಾಗದ ಗಂಟುಗಳು ಏಳುತ್ತವೆ. ಇದು ಅಪರೂಪದ ರೋಗ, ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ಸರಿಯಾದ ಔಷಧಿಯಿಂದ ಗುಣವಾಗುತ್ತದೆ. ಆದರೆ ಮನೆಯಲ್ಲಿ ಮೀನು ಸಾಕಿದ್ದೇವೆಂದು ರೋಗಿ ಹೇಳದಿದ್ದರೆ ವೈದ್ಯರಿಗೆ ಅದು ಹೊಳೆಯುವುದು ಕಷ್ಟ, ತಿಂಗಳುಗಳು ವ್ಯರ್ಥವಾಗುತ್ತವೆ. ಮಕ್ಕಳು ತೊಟ್ಟಿಯ ಕೆಲಸ ಮಾಡಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ತೊಟ್ಟಿಯ ಬಕೆಟ್ಟು, ಲೋಟಗಳು ಅಡುಗೆಮನೆಗೆ ಬರಕೂಡದು. ಚರಂಡಿಗಳಿಂದ ಬರುವ ಟ್ಯೂಬಿಫೆಕ್ಸ್ ಹುಳುಗಳನ್ನು ಜೀವಂತ ಆಹಾರವೆಂದು ಕೊಳ್ಳುವವರು ಮೀನಿನ ರೋಗವನ್ನೂ ಮನೆಯ ಹೊಲಸನ್ನೂ ಒಟ್ಟಿಗೆ ಕೊಂಡಂತೆ.

ಕ್ಲೋರಿನ್ ಹೋಗಲೆಂದು ಇಟ್ಟ ಬಕೆಟ್ಟಿಗೆ ತೆಳುವಾದ ಬಟ್ಟೆಯನ್ನು ಕಟ್ಟಲೇಬೇಕು. ಡೆಂಗ್ಯೂ ಹರಡುವ ಈಡೀಸ್ ಸೊಳ್ಳೆಗೆ ಇಂತಹ ತಿಳಿನೀರೇ ಪ್ರಿಯ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಅದಕ್ಕೆ ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಮರಿಗಳಿಗೆ ಆಹಾರವಾಗಲೆಂದು ಬಾಲ್ಕನಿಯಲ್ಲಿ ಸೊಳ್ಳೆಯ ಹುಳುಗಳನ್ನು ಬೇಕೆಂದೇ ಬೆಳೆಸುವವರು ಇಡೀ ಕಟ್ಟಡಕ್ಕೆ ಕಂಟಕರಾಗುತ್ತಾರೆ.

ಹೆಚ್ಚಾದ ಮರಿಗಳು

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಐವತ್ತು ಲೀಟರಿಗಿಂತ ಹೆಚ್ಚು ನೀರು ನಿಲ್ಲುವುದಿಲ್ಲ. ಒಂದಂಗುಲ ಮೀನಿಗೆ ನಾಲ್ಕು ಲೀಟರು ಎಂಬ ಹಳೆಯ ಲೆಕ್ಕದಂತೆ, ಅದೂ ಪೂರ್ಣ ಬೆಳೆದ ಮೀನಿನ ಅಳತೆಯಲ್ಲಿ, ಏಳೆಂಟು ಗಪ್ಪಿಗಳಿಗಷ್ಟೇ ಅಲ್ಲಿ ಸ್ಥಳ. ಒಂದು ಗಪ್ಪಿಯಾದರೋ ತಿಂಗಳಿಗೊಮ್ಮೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ಮರಿ ಹಾಕುತ್ತದೆ. ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ತಿಂಗಳುಗಳ ಕಾಲ ಮತ್ತೆ ಮತ್ತೆ ಮರಿ ಹಾಕಬಲ್ಲುದು. ಮೀನುಗಳನ್ನು ಉಳಿಸಿಕೊಳ್ಳುವ ಕಲೆ ಕೈಗೂಡಿದೊಡನೆ ಉಳಿದವುಗಳನ್ನು ಏನು ಮಾಡುವುದೆಂಬ ಪ್ರಶ್ನೆ ಹುಟ್ಟುತ್ತದೆ. ಐದಾರು ವಾರಗಳಲ್ಲಿ ಗಂಡು ಹೆಣ್ಣುಗಳನ್ನು ಗುರುತಿಸಬಹುದು. ಗಂಡಿನ ಹೊಟ್ಟೆಯಡಿಯ ರೆಕ್ಕೆ ಕಡ್ಡಿಯಂತೆ ಕಿರಿದಾಗಿರುತ್ತದೆ, ಬಣ್ಣವೂ ಮೂಡತೊಡಗುತ್ತದೆ. ದೊಡ್ಡ ತೊಟ್ಟಿಗೆ ಗಂಡುಮರಿಗಳನ್ನು ಮಾತ್ರ ಬಿಡುವುದರಿಂದ ಸಂತಾನದ ಓಟಕ್ಕೆ ಕಡಿವಾಣ ಬೀಳುತ್ತದೆ.

ಉಳಿದವುಗಳನ್ನು ಪುಣ್ಯಕಾರ್ಯವೆಂದು ಭಾವಿಸಿ ಟಿಟ್ವಾಳಾದ ದೇವಾಲಯದ ಬಳಿಯ ಕೆರೆಗೋ ಕಾಳು ನದಿಗೋ ಬಿಡುವ ಆಲೋಚನೆ ಯಾರಿಗಾದರೂ ಬಂದೀತು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಅಕ್ಕಿ, ಮಂಡಕ್ಕಿ ಹಾಕಿ ಬೆಳೆದ ಮನಸ್ಸಿಗೆ ಅದು ಸಹಜವೆನಿಸುವುದೂ ಹೌದು. ಆದರೆ ಆ ಮೀನುಗಳು ಆ ನದಿಯವೇ ಆಗಿವೆ. ಗಪ್ಪಿ ದಕ್ಷಿಣ ಅಮೆರಿಕದ್ದು. 1859ರಲ್ಲಿ ಪೀ಼ಟರ್ಸ್ ಎಂಬ ಜರ್ಮನ್ ವಿಜ್ಞಾನಿ ಅದನ್ನು ಮೊದಲು ವರ್ಣಿಸಿದರೂ, 1866ರಲ್ಲಿ ಟ್ರಿನಿಡಾಡಿನಿಂದ ಅದನ್ನು ಲಂಡನ್ನಿಗೆ ಕಳುಹಿಸಿದ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿಯ ಹೆಸರೇ ಜನರ ಬಾಯಲ್ಲಿ ಉಳಿಯಿತು. ಸೊಳ್ಳೆಯ ಹುಳುಗಳನ್ನು ತಿನ್ನುವ ಗುಣಕ್ಕಾಗಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಭಾರತಕ್ಕೆ ತರಲಾಯಿತು. ಬಾವಿ, ಕಾರಂಜಿ, ನೀರಿನ ತೊಟ್ಟಿಗಳಂತಹ ಮುಚ್ಚಿದ ಸ್ಥಳಗಳಲ್ಲಿ ಅದರ ಉಪಯೋಗವುಂಟು. ಕೆರೆ ಹೊಳೆಗಳಲ್ಲಾದರೋ ಅದು ಸ್ಥಳೀಯ ಸಣ್ಣ ಮೀನುಗಳ ಮೊಟ್ಟೆ ಮರಿಗಳಿಗೂ ಬಾಯಿ ಹಾಕುತ್ತದೆ. ಕೆರೆಯು ಮುಚ್ಚಿದ ಸ್ಥಳವಲ್ಲವೇ ಎಂದು ಕೇಳುವವರು 2005ರ ಜುಲೈ 26ರ ಮಳೆಯನ್ನು ನೆನೆಯಬೇಕು. ಉಲ್ಲಾಸ ನದಿ ಉಕ್ಕಿ ಕಲ್ಯಾಣ, ಬದ್ಲಾಪುರಗಳ ಸುತ್ತ ನೆಲ ಯಾವುದು, ಹೊಳೆ ಯಾವುದು ಎಂದು ತಿಳಿಯದಂತಾದ ಆ ದಿನದಂತಹ ದಿನಗಳಲ್ಲಿ ಕೆರೆಯ ಮೀನು ನದಿಯ ಮೀನಾಗಲು ತಡವಿಲ್ಲ.

ಹೆಚ್ಚಾದ ಮರಿಗಳನ್ನು ಅಂಗಡಿಯವರು ತೆಗೆದುಕೊಳ್ಳುವುದುಂಟು. ಸೊಳ್ಳೆ ನಿವಾರಣೆಗೆ ಗಪ್ಪಿಗಳನ್ನು ಬಳಸುವ ನಗರಪಾಲಿಕೆಯ ಆರೋಗ್ಯ ಇಲಾಖೆಯನ್ನೂ ವಿಚಾರಿಸಬಹುದು. ಅದೇ ಕಟ್ಟಡದ ಇನ್ನೊಂದು ಮನೆಯ ಮಕ್ಕಳಿಗೆ ಕೊಡುವುದಾದರೆ, ಮರಿಗಳು ಎರಡು ಸೆಂಟಿಮೀಟರು ತಲುಪಿದ ಮೇಲೆ ಕೊಡಬೇಕು. ಜೊತೆಗೆ ಅವು ಬೆಳೆದ ತೊಟ್ಟಿಯ ಎರಡು ಮೂರು ಲೀಟರು ನೀರನ್ನೂ, ತಿನ್ನುತ್ತಿದ್ದ ತಿನಿಸಿನ ಒಂದು ಪೊಟ್ಟಣವನ್ನೂ ಕಳುಹಿಸಿ, ಬರುವ ಭಾನುವಾರ ತೊಟ್ಟಿಯನ್ನು ತೊಳೆಯಬಾರದೆಂದು ಆ ಮನೆಯ ಹಿರಿಯರಿಗೆ ಮೊದಲೇ ತಿಳಿಸಿರಬೇಕು.